ನಾಲ್ಕನೇ ಟ್ಯಾಂಕ್ ನಿಂತಿರುವ ಜಾಗ

ನಾನು ಕಾಸ್ಟಿಕ್ ಸೋಡಾ ಘಟಕದ ಕಂಟ್ರೋಲ್ ರೂಮಿನ ಪಾಳಿ ಮುಖ್ಯಸ್ಥೆ, ವಯಸ್ಸು 57, ಓದಿದ್ದು ಪ್ರೌಢಶಾಲೆಯವರೆಗೆ, ವಾಸ ಕಾರ್ಖಾನೆ ವಸತಿ ಸಾಲಿನ 11ನೇ ಮನೆ. ಅಲ್ಲಿ ಎಲ್ಲರೂ ನನ್ನನ್ನು ದೊಡ್ಡಮ್ಮ ಎನ್ನುತ್ತಾರೆ. ಮೂವತ್ತೊಂದು ವರ್ಷ ನನ್ನ ಪಾಳಿಯಲ್ಲಿ ಒಬ್ಬರಿಗೂ ಗಾಯವಾಗಿರಲಿಲ್ಲ. ತಮ್ಮ ಮುಂದೆ ತಿಳಿಸುವುದೇನೆಂದರೆ,

ದಿನಾಂಕ 12ರ ಮಂಗಳವಾರ ಬೆಳಿಗ್ಗೆ 10.20ಕ್ಕೆ ನಾಲ್ಕನೇ ಟ್ಯಾಂಕ್ ತುಂಬುತ್ತಿದೆ ಎಂದು ಗಂಟೆ ಹೊಡೆಯಿತು. ನಾವು ಗಡಿಯಾರ ಎಂದು ಕರೆಯುವ ಆಪರೇಟರ್ ಹೊಸ ಪರದೆಯ ಮುಂದೆ ಕುಳಿತಿದ್ದ. ನಾನು ಆರು ಅಡಿ ಹಿಂದೆ ನಿಂತಿದ್ದೆ. ಅವನು, ನಾಲ್ಕು ಮುಚ್ಚಿಬಿಟ್ಟೆ ದೊಡ್ಡಮ್ಮ ಎಂದು ಹೇಳಿ ಗಂಟೆ ನಿಲ್ಲಿಸಿದ. ಪರದೆಯ ಮೇಲೆ ಅವನ ಬೆರಳು ಮುಚ್ಚಿದ್ದು ಒಂದನೇ ಟ್ಯಾಂಕಿನ ಒಳಹರಿವನ್ನು. 10.24ಕ್ಕೆ ನಾಲ್ಕನೆಯದು ಉಕ್ಕಿ, ಕೆಳಗಿದ್ದ ಫಿಟ್ಟರನ ಎಡಗಾಲು ಮೊಣಕಾಲಿನವರೆಗೆ ಸುಟ್ಟಿತು. ಸುಟ್ಟದ್ದನ್ನು ತೊಳೆಯುವ ನಲ್ಲಿಗೆ ನಲವತ್ತು ಹೆಜ್ಜೆ. ಅಷ್ಟು ದೂರವೂ ಅವನು ನನ್ನ ಕೈ ಬಿಡಲಿಲ್ಲ.

ಇದು ಆಪರೇಟರನ ನಿರ್ಲಕ್ಷ್ಯ ಎಂದು ಮ್ಯಾನೇಜರ್ ದೂರು ಕೊಟ್ಟಿದ್ದಾರೆ. ಗಡಿಯಾರ ನಿನ್ನೆಯಿಂದ ಇದೇ ಠಾಣೆಯಲ್ಲಿದ್ದಾನೆ. ದೂರು ತಪ್ಪು.

ನಾಲ್ಕನೇ ಟ್ಯಾಂಕ್ ಕೊನೆಯಲ್ಲಿ ಕಟ್ಟಿದ್ದು. ಬಲಗಡೆ ಜಾಗವಿಲ್ಲದೆ ಎಡತುದಿಯಲ್ಲಿ ನಿಲ್ಲಿಸಿದರು. ಈ ಪರದೆ ಬರುವ ಮುಂಚೆ ನಾವು ಬಳಸುತ್ತಿದ್ದ ಹಳೆಯ ಬೋರ್ಡಿನಲ್ಲೂ ಅದನ್ನು ಮುಚ್ಚುವ ಗುಂಡಿ ಎಡತುದಿಯಲ್ಲೇ ಇದೆ. ಹನ್ನೆರಡು ವರ್ಷ ಗಡಿಯಾರನ ಕೈ ಅಲ್ಲಿಗೇ ಹೋಗಿದೆ. ಹೊಸ ಪರದೆಯಲ್ಲಿ ಎಡತುದಿಗೆ ಒಂದನೇ ಟ್ಯಾಂಕನ್ನು ಇಟ್ಟಿದ್ದಾರೆ.

ಆ ಪರದೆಯನ್ನು ರೂಪಿಸಿದವಳು ನನ್ನ ಮಗಳು. ಇದು ಅವಳ ಮೊದಲ ದೊಡ್ಡ ಕೆಲಸ. ಆಗ ಅವಳು, ಒಂದು ದಿನ ನಿನ್ನ ಪಕ್ಕ ಕೂತು ನೋಡ್ಲಾ ಅಮ್ಮ ಎಂದು ಕೇಳಿದ್ದಳು. ಟ್ಯಾಂಕುಗಳ ಪಟ್ಟಿ ಇದೆಯಲ್ಲ, ಅದನ್ನ ನೋಡು ಎಂದು ನಾನೇ ಕಳಿಸಿದೆ. ಅಷ್ಟು ತಪ್ಪು ನನ್ನದು.

13ರ ಬುಧವಾರ ಮಧ್ಯಾಹ್ನ 3ಕ್ಕೆ ನಾನು ಪಂಪು ನಿಲ್ಲಿಸಿ, ಗಂಟೆ ಹೊಡೆಸಿ, ನಾಲ್ವರು ಆಪರೇಟರುಗಳನ್ನು ಒಬ್ಬೊಬ್ಬರಾಗಿ ಹೊಸ ಪರದೆಯ ಮುಂದೆ ಕೂರಿಸಿ, ನಾಲ್ಕನೆಯದನ್ನು ಮುಚ್ಚಿ ಎಂದು ಹೇಳಿದೆ. ಮೂವರು ಒಂದನೆಯದನ್ನು ಮುಚ್ಚಿದರು. ಸರಿಯಾಗಿ ಮುಚ್ಚಿದವನು ಕಳೆದ ತಿಂಗಳು ಸೇರಿದವನು, ಹಳೆಯ ಬೋರ್ಡ್ ಮುಟ್ಟಿದವನಲ್ಲ. ನೋಡುತ್ತಿದ್ದ ಮಗಳು, ಒಂದು ಎರಡು ಮೂರು ನಾಲ್ಕು ಅಂತಾನೇ ಅಲ್ವೇನಮ್ಮ ಎಲ್ರೂ ಎಣಿಸೋದು ಎಂದಳು. ನಾವು ಅಲ್ಲಿ ಕೂತಿರೋದು ಎಣಿಸೋಕಲ್ಲ ಕಣೇ, ಮುಚ್ಚೋಕೆ ಎಂದೆ.

ಸಂಜೆ 5.30ಕ್ಕೆ ಮ್ಯಾನೇಜರ್ ನನ್ನನ್ನು ಕರೆಸಿ, ತಪ್ಪು ಪರದೆಯದು ಅಂತ ಹೇಳಿಕೆ ಕೊಟ್ಟರೆ ನಿಮ್ಮ ಮಗಳಿಗೆ ಇನ್ನು ಯಾರೂ ಕೆಲಸ ಕೊಡಲ್ಲ, ಯೋಚನೆ ಮಾಡಿ ದೊಡ್ಡಮ್ಮ ಎಂದರು. ಮಾಡಿ ಆಯ್ತು ಸಾರ್ ಎಂದು ಎದ್ದು ಬಂದೆ.

ಇಂದು ಬೆಳಿಗ್ಗೆ 6.10ಕ್ಕೆ ಪಾಳಿ ಮುಖ್ಯಸ್ಥೆಯ ಅಧಿಕಾರದಿಂದ ಹೊಸ ಪರದೆಯನ್ನು ನಿಲ್ಲಿಸಿ, ನಾಲ್ಕೂ ಟ್ಯಾಂಕುಗಳನ್ನು ಹಳೆಯ ಬೋರ್ಡಿಗೆ ತಿರುಗಿಸಿದ್ದೇನೆ. ಸ್ವಿಚ್ ಪೆಟ್ಟಿಗೆಗೆ ಬೀಗ ಹಾಕಿ, ಪಾಳಿ ಪುಸ್ತಕದಲ್ಲಿ ಕಾರಣ ಬರೆದು ಸಹಿ ಮಾಡಿದ್ದೇನೆ. ಬೀಗದ ಕೈಯನ್ನು ಮಗಳಿಗೆ ಕೊಟ್ಟು, ಟ್ಯಾಂಕುಗಳು ನಿಂತಿರೋ ಹಾಗೆ ಪರದೆ ತಿದ್ದಿದ ದಿನ ನೀನೇ ಬಂದು ತೆಗಿ ಎಂದು ಹೇಳಿದ್ದೇನೆ. ಅವಳು ಪುಸ್ತಕ ಪೆನ್ನು ಹಿಡಿದು ಟ್ಯಾಂಕುಗಳ ಕಡೆ ನಡೆದಳು.

ಬರೆದದ್ದನ್ನು ನಾನೇ ಓದಿ ನೋಡಿದ್ದೇನೆ, ಎಲ್ಲವೂ ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಠಾಣೆ
ದಿನಾಂಕ: 14, ಗುರುವಾರ, ಬೆಳಿಗ್ಗೆ 9.45
(ಸಹಿ) ಪಾಳಿ ಮುಖ್ಯಸ್ಥೆ