ಯಾರ ಬಲಕ್ಕೆ?

ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಸಾಗರದ ಬಸ್ಸಿಗೆ ಕಾಯುತ್ತಿದ್ದ ಉಮಾಪತಿ ಮೇಷ್ಟ್ರ ಕಿವಿಯೆಲ್ಲ ಪಕ್ಕದ ಬೆಂಚಿನ ಮೇಲಿತ್ತು. ಮೂರು ವರ್ಷದಿಂದ ಲಿವರ್ ಕೆಟ್ಟು ಸೊರಗಿದ್ದ ಮುಕುಂದಯ್ಯನವರನ್ನು ನಡುವೆ ಕೂರಿಸಿಕೊಂಡು, ಅವರ ತಮ್ಮ ಶೇಷಪ್ಪನೂ ಅಳಿಯ ಹೂವಯ್ಯನೂ ಜಗಳಕ್ಕೆ ಬಿದ್ದಿದ್ದರು.

“ಹೂವಯ್ಯಾ, ದೇವರ ಹತ್ರ ಪ್ರಸಾದ ಕೇಳಿದ್ವಲ್ಲ? ಹೂವು ಬಲಕ್ಕೆ ಬಿದ್ರೆ ಶಿವಮೊಗ್ಗದ ಆಸ್ಪತ್ರೆ, ಎಡಕ್ಕೆ ಬಿದ್ರೆ ಮಣಿಪಾಲ ಅಂತ. ಬಲಕ್ಕೇ ಬಿತ್ತು.”

“ನಮ್ಮ ಬಲಕ್ಕೆ ಬಿತ್ತು ಚಿಕ್ಕಮಾವ. ದೇವರು ನಮ್ಮ ಕಡೆ ಮುಖ ಮಾಡಿ ಕೂತಿದಾನೆ, ಅವನಿಗೆ ಅದು ಎಡ.”

“ಕಾಯಿಲೆ ಬಂದಿದ್ದು ದೇವರಿಗಾ?”

“ಹೂವು ಕೊಟ್ಟಿದ್ದು ದೇವರಲ್ವಾ?”

“ಹಂಗಾದ್ರೆ ನಡಿ, ಇನ್ನೊಂದ್ಸಲ ಕೇಳಣ.”

ಅಷ್ಟರಲ್ಲಿ ಬಸ್ಸೊಂದು ಬಂದು ಬೆಂಚಿನ ಬಲಗಡೆ ನಿಂತಿತು. ಮುಕುಂದಯ್ಯ ಬಟ್ಟೆಗಂಟು ಎತ್ತಿಕೊಂಡು ಹತ್ತಿಯೇಬಿಟ್ಟರು.

“ಮಾವಾ, ಅದು ಸಾಗರದ ಬಸ್ಸು!”

“ಅಲ್ಲೂ ಡಾಕ್ಟ್ರು ಇದಾರೆ. ಕಾಯಿಲೆ ನಂದು, ನನ್ನ ಬಲಕ್ಕೆ ಬಂದಿದ್ದು ಇದು.”