ಕಾರ್ಮೆಲಾ ಅಗಿದುಕೊಟ್ಟ ಜೋಳ

೨೦೧೯ರ ಜೂನ್ ೧೪, ಶುಕ್ರವಾರ ಮಧ್ಯಾಹ್ನ. ಕೊಲಂಬಿಯಾದ ಕುಂಬಾಲ್ ಬೆಟ್ಟದ ಕೆಳಗಿನ ಒಂದು ಊರಿನ ಶಾಲೆ. ನಿವೃತ್ತರಾಗುತ್ತಿರುವ ವಿಜ್ಞಾನ ಶಿಕ್ಷಕಿ ಒಟಿಲಿಯಾ ತರಪುವೇಸ್ ಅವರಿಗೆ ಬೀಳ್ಕೊಡುಗೆ. ಕೊನೆಯಲ್ಲಿ ಅವರು ಆಡಿದ ಮಾತು.

ಅಧ್ಯಕ್ಷ ಪೀಠದಲ್ಲಿರುವ ಊರ ಪಂಚಾಯಿತಿಯ ಮುಖ್ಯಸ್ಥರಾದ ದೊನ್ ಎಫ್ರಾಯಿನ್ ಅವರೇ, ಆರೋಗ್ಯ ಕೇಂದ್ರದ ಡಾಕ್ಟರ್ ಯಮಿಲೆ ಅವರೇ, ಸಹೋದ್ಯೋಗಿಗಳೇ, ಕೊನೆಯ ಬೆಂಚುಗಳಲ್ಲಿ ಕುಳಿತಿರುವ ನನ್ನ ಹಳೆಯ ವಿದ್ಯಾರ್ಥಿಗಳೇ, ಸಭಿಕರೇ,

ಒಟಿಲಿಯಾ ಟೀಚರ್ ಎಂದೂ ದನಿ ಏರಿಸಿದವರಲ್ಲ ಎಂದು ಮುಖ್ಯೋಪಾಧ್ಯಾಯರು ಈಗ ತಾನೇ ಹೇಳಿದರು. ಆಗ ಕೊನೆಯ ಬೆಂಚುಗಳಿಂದ ಬಂದ ನಗು ನನಗೂ ಕೇಳಿಸಿತು. ಯಾರು ನಕ್ಕರೆಂಬುದೂ ಗೊತ್ತು.

ಮೊದಲು ಒಂದು ಕೃತಜ್ಞತೆ ಸಲ್ಲಿಸಬೇಕು. ಕಳೆದ ವರ್ಷ ನನ್ನ ತೋಳುಗಳ ಮೇಲೆ ನೀಲಿ ಕಲೆಗಳು ಏಳತೊಡಗಿದವು. ನಾನು ಎಲ್ಲಿಯೂ ಬಿದ್ದಿರಲಿಲ್ಲ, ಯಾವುದಕ್ಕೂ ತಗಲಿರಲಿಲ್ಲ. ಊರು ನೋಡಿತು. ಊರು ನೋಡಿದ ಮೇಲೆ ಸುಮ್ಮನಿರುತ್ತದೆಯೇ? ದೊನ್ ಎಫ್ರಾಯಿನ್ ಅವರು ನನ್ನ ಗಂಡ ಸೆಗುಂದೊನನ್ನು ಪಂಚಾಯಿತಿಗೆ ಕರೆಸಿದರು. ಅಧಿಕಾರದ ಬೆತ್ತವನ್ನು ಮೇಜಿನ ಮೇಲಿಟ್ಟು ಕೇಳಿದರು: “ಏನಯ್ಯಾ ಸೆಗುಂದೊ, ಈ ವಯಸ್ಸಲ್ಲಿ ಹೆಂಡ್ತಿ ಮೇಲೆ ಕೈ ಮಾಡೋಕೆ ಶುರು ಮಾಡಿದ್ಯಾ?”

ಸೆಗುಂದೊ ಟೋಪಿ ತೆಗೆದು ಹೇಳಿದ: “ಅಯ್ಯೋ ಯಜಮಾನ್ರೇ, ಹಬ್ಬಕ್ಕೆ ಗಿನಿಹಂದಿ ಕೊಯ್ಯೋದಕ್ಕೂ ನಾನು ಅವಳನ್ನೇ ಕರೀತೀನಿ!”

ಪಂಚಾಯಿತಿಯಲ್ಲಿ ಸೇರಿದ್ದವರೆಲ್ಲ ನಕ್ಕರು. ದೊನ್ ಎಫ್ರಾಯಿನ್ ನಗಲಿಲ್ಲ. “ಹಂಗಾದ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗು. ಅವರು ಬರ್ಕೊಟ್ಟ ಮೇಲೆ ನಿನ್ನ ಬಿಡ್ತೀನಿ” ಎಂದರು. ಅಧ್ಯಕ್ಷರೇ, ನೀವು ನನ್ನ ಗಂಡನನ್ನು ಅನುಮಾನಿಸದೇ ಇದ್ದಿದ್ದರೆ ನಾನು ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತುತ್ತಿರಲಿಲ್ಲ. ನಿಮಗೆ ಧನ್ಯವಾದ. ಸೆಗುಂದೊ ಇನ್ನೂ ನಿಮ್ಮನ್ನು ಕ್ಷಮಿಸಿಲ್ಲ. ಅದು ನಿಮ್ಮಿಬ್ಬರ ವಿಷಯ.

ನನ್ನ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು ಕಡಿಮೆಯಾಗಿದ್ದವು. ಗಾಯವಾದಾಗ ರಕ್ತವನ್ನು ಕಟ್ಟಿ ನಿಲ್ಲಿಸುವ ಕಣಗಳವು. ನನ್ನ ದೇಹವೇ ಅವನ್ನು ಶತ್ರುವೆಂದು ತಿಳಿದು ನಾಶ ಮಾಡುತ್ತಿತ್ತು. ಹೊಟ್ಟೆಯಲ್ಲಿ ಒಂದು ಬ್ಯಾಕ್ಟೀರಿಯಾ ಕೂಡ ಸಿಕ್ಕಿತು. ನಮ್ಮ ಬೆಟ್ಟದಲ್ಲಿ ಅದು ಇಲ್ಲದವರು ಅಪರೂಪ. ಅದರ ಮೇಲೆ ಯುದ್ಧಕ್ಕೆ ಹೊರಟ ದೇಹ ಗುರಿ ತಪ್ಪಿ ತನ್ನದನ್ನೇ ಹೊಡೆಯುತ್ತಿರಬಹುದು ಎಂದರು ಡಾಕ್ಟರ್ ಯಮಿಲೆ.

“ಹೊಡೀತಿರಬಹುದೋ, ಹೊಡೀತಿದೆಯೋ?” ಎಂದೆ. ಪರೀಕ್ಷೆಯಲ್ಲಿ ‘ಬಹುದು’ ಎಂದು ಬರೆದವರಿಗೆ ನಾನು ಪೂರ್ತಿ ಅಂಕ ಕೊಟ್ಟವಳಲ್ಲ.

“ಬಹುದು, ಟೀಚರ್. ಮಾತ್ರೆ ತಗೊಂಡು ಅದನ್ನ ಸಾಯಿಸಿದ್ಮೇಲೆ ಕೆಲವರಿಗೆ ಪ್ಲೇಟ್‌ಲೆಟ್ ಏರುತ್ತೆ, ಕೆಲವರಿಗೆ ಏರಲ್ಲ. ನಿಮಗೆ ಹೆಂಗೋ, ನೋಡಿದ್ಮೇಲೇ ಗೊತ್ತಾಗೋದು.”

“ಇದು ನನಗೆ ಎಲ್ಲಿಂದ ಬಂತು?”

“ಮನೆಯಿಂದ. ಸಾಮಾನ್ಯವಾಗಿ ಎಳೇ ವಯಸ್ಸಲ್ಲೇ ಬರುತ್ತೆ. ನಿಮಗೆ ಯಾರು ಉಣಿಸ್ತಿದ್ರು?”

ಸಭಿಕರೇ, ಡಾಕ್ಟರು ಕೇಳಿದ್ದು ಸಣ್ಣ ಪ್ರಶ್ನೆ. ಆದರೆ ನನಗೆ ಹುರಿದ ಮುಸುಕಿನ ಜೋಳದ ವಾಸನೆ ಬಂತು.

ನನ್ನನ್ನು ಹೆತ್ತು ಅಮ್ಮ ತೀರಿಕೊಂಡಳು. ಬೆಳೆಸಿದವಳು ಅಕ್ಕ ಕಾರ್ಮೆಲಾ. ಆಗ ಅವಳೂ ಹುಡುಗಿಯೇ. ಆಲೂಗಡ್ಡೆ ಹೊಲದ ಬದುವಿನಲ್ಲಿ ನನ್ನನ್ನು ಶಾಲಿನಲ್ಲಿ ಸುತ್ತಿ ಕೂರಿಸಿಕೊಂಡು, ಹುರಿದ ಜೋಳವನ್ನು ತಾನು ಅಗಿದು ಮೆತ್ತಗೆ ಮಾಡಿ ನನ್ನ ಬಾಯಿಗೆ ಇಡುತ್ತಿದ್ದಳು. ಹಲ್ಲು ಬಂದ ಮೇಲೂ ನಾನು ಬಾಯಿ ತೆರೆದು ಕೂರುತ್ತಿದ್ದೆನಂತೆ. “ನಿನಗೆ ಹಲ್ಲು ಯಾತಕ್ಕೆ ಕೊಟ್ಟನೋ ದೇವರು, ಸೋಮಾರಿ!” ಎನ್ನುತ್ತಲೇ ಅಗಿದುಕೊಡುತ್ತಿದ್ದಳಂತೆ. ನನ್ನನ್ನು ಓದಿಸಬೇಕೆಂದು ಅವಳು ಶಾಲೆ ಬಿಟ್ಟಳು. ಅವಳು ಹೋಗಿ ಎರಡು ವರ್ಷವಾಯಿತು. ಅವಳ ಫೋಟೊ ಒಂದೂ ಇಲ್ಲ. ಶಾಲನ್ನು ಅವಳೊಂದಿಗೇ ಮಣ್ಣು ಮಾಡಿದೆವು.

ಹಾಗಾದರೆ ಉಳಿದದ್ದೇನು? ನಗಬೇಡಿ. ಅವಳ ಬಾಯಿಂದ ನನ್ನೊಳಗೆ ಬಂದು, ಇಷ್ಟು ವರ್ಷ ಮರಿಮಕ್ಕಳನ್ನು ಮಾಡಿಕೊಂಡು ಬದುಕಿರುವ ಈ ಜೀವ ಒಂದೇ. ಅದನ್ನು ಕೊಲ್ಲುವ ಮಾತ್ರೆಯ ಡಬ್ಬವನ್ನು ಈಸ್ಟರ್ ವಾರದಲ್ಲೇ ತಂದು ಸಕ್ಕರೆ ಡಬ್ಬದ ಹಿಂದೆ ಇಟ್ಟೆ. ಅದು ಅಲ್ಲಿಯೇ ಇದೆ. ಈ ಮಧ್ಯೆ ಮೂಗಿನಿಂದ ರಕ್ತ ಬರತೊಡಗಿತು. ನಿಲ್ಲುವುದು ತಡವಾಗುತ್ತಿದೆ.

ಸೆಗುಂದೊ ಒಮ್ಮೆ ರೇಗಿದ: “ಅಕ್ಕನಿಗೆ ಹೊಟ್ಟೆಯೊಳಗೇ ಚರ್ಚ್ ಕಟ್ಟಿಸಿದ್ದೀಯಾ? ಕಾರ್ಮೆಲಾ ಇದ್ದಿದ್ರೆ ಮೂಗು ಹಿಡಿದು ಮಾತ್ರೆ ನುಂಗಿಸ್ತಿದ್ಳು!” ಅವನ ಮಾತು ನಿಜ. ನಿಜವಾದದ್ದರಿಂದಲೇ ನಾನು ಆ ದಿನ ಅವನಿಗೆ ಕಾಫಿ ಕೊಡಲಿಲ್ಲ.

ಹೋದ ಭಾನುವಾರ ಮಗಳು ಯೊಲಿಮಾ ತನ್ನ ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ ಬಟ್ಟೆ ಒಗೆಯಲು ಹೋದಳು. ಪಕ್ಕದಲ್ಲಿ ಹುರಿದ ಜೋಳದ ತಟ್ಟೆಯಿತ್ತು. ಕೂಸು ಬಾಯಿ ತೆರೆಯಿತು. ನಾನು ಯೋಚಿಸಲೇ ಇಲ್ಲ. ಅಗಿದೆ, ಬೆರಳ ತುದಿಗೆ ತೆಗೆದುಕೊಂಡೆ, ಬಾಗಿದೆ. ನನ್ನ ಕೈ ನನ್ನದಾಗಿರಲಿಲ್ಲ, ಕಾರ್ಮೆಲಾಳದಾಗಿತ್ತು. ಕೂಸಿನ ತುಟಿಯ ಹತ್ತಿರ ಆ ಕೈ ನಿಂತಿತು. ಅಕ್ಕನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಕೊಡುತ್ತಿದ್ದಳೇ? ಹಸಿವಿನಿಂದ ಅಳಲೂ ಬಿಡುತ್ತಿರಲಿಲ್ಲ, ಬೇರೆ ದಾರಿ ಹುಡುಕುತ್ತಿದ್ದಳು. ನನಗೆ ಗೊತ್ತಿದೆ. ಆ ತುತ್ತನ್ನು ನಾನೇ ತಿಂದೆ. ಕೂಸು ಮನೆ ಹಾರಿಹೋಗುವಂತೆ ಅತ್ತಿತು.

ಇನ್ನು ಸ್ವಲ್ಪ ಹೊತ್ತಿನಲ್ಲಿ ಅಧ್ಯಕ್ಷರು ಜೋಳ ಹುಳಿಸಿ ಮಾಡಿದ ಚಿಚಾ ತುಂಬಿದ ಸೋರೆಬುರುಡೆಯನ್ನು ಎತ್ತುತ್ತಾರೆ. ಅದು ತುಟಿಯಿಂದ ತುಟಿಗೆ ದಾಟುತ್ತಾ ನನ್ನ ಬಳಿಗೂ ಬರುತ್ತದೆ. ಈ ಊರಿನಲ್ಲಿ ಎಂಜಲು ಎಂಬುದು ನೆಂಟಸ್ತನ. ಬೇಡ ಎಂದವರು ಹೊರಗಿನವರು. ನನಗೆ ಗೊತ್ತು. ಹಾರೆ ಹಿಡಿದು ಒಟ್ಟಿಗೆ ಕಾಲುವೆ ತೋಡಿದ ದಿನಗಳಲ್ಲಿ, ಮದುವೆಗಳಲ್ಲಿ, ಕಾರ್ಮೆಲಾಳನ್ನು ಮಣ್ಣು ಮಾಡಿ ಬಂದ ಸಂಜೆಯಲ್ಲಿ ನಾನು ಅದರಲ್ಲೇ ಕುಡಿದಿದ್ದೇನೆ.

ಇವತ್ತು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತೇನೆ. ನಮ್ಮ ಪದ್ಧತಿಯಂತೆ ನೆಲಕ್ಕೆ ಸ್ವಲ್ಪ ಚೆಲ್ಲುತ್ತೇನೆ, ಅಕ್ಕನ ಪಾಲು. ಬಾಯಿಗೆ ಇಡದೆ ಪಕ್ಕದವರಿಗೆ ಕೊಡುತ್ತೇನೆ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ನಾಳೆ ಬೆಳಿಗ್ಗೆ ತಿಂಡಿಯ ಜೊತೆ ಮೊದಲ ಮಾತ್ರೆ. ಡಾಕ್ಟರೇ, ಗುಣವಾಗುತ್ತದೋ ಇಲ್ಲವೋ, ನಿಮ್ಮ ‘ಬಹುದು’ಗೆ ಈ ಸಲ ಪೂರ್ತಿ ಅಂಕ.

ಇಷ್ಟು ಹೊತ್ತು ಕೇಳಿದಿರಿ, ಋಣಿಯಾಗಿದ್ದೇನೆ. ಇವತ್ತೊಂದು ರಾತ್ರಿ ಅಕ್ಕ ನನ್ನೊಳಗೆ ಇರುತ್ತಾಳೆ. ನಮ್ಮಿಬ್ಬರ ಪರವಾಗಿ ನಿಮಗೆ ನಮಸ್ಕಾರ.