ಯಾಕೆ ಅನ್ನುವ ಜಾಗ

ಕೊಲೆ ಮಾಡಿ ಜೈಲು ಸೇರಿದ್ದ ತಮ್ಮನ ಅವಧಿಪೂರ್ವ ಬಿಡುಗಡೆಯ ಅರ್ಜಿ ಹಿಡಿದು ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಟೈಲರಮ್ಮನ ಕಿವಿಗೆ, ಮುಂದಿದ್ದ ಅಪರಿಚಿತ ತಾಯಿ ಮಗಳ ಮಾತು ಬಿತ್ತು.

“ಇಪ್ಪತ್ತೈದು ವರ್ಷ ಬಿಡಲ್ಲ ಅಂದಿದ್ರಲ್ಲಮ್ಮ?”

“ಕಾನೂನು ಬದಲಾಯ್ತಂತೆ. ಈಗ ಹದಿನೈದಕ್ಕೇ ಬಿಡುಗಡೆ ಕೇಳಬಹುದಂತೆ.”

“ಅಪ್ಪನ್ನ ಕೊಂದವನೂ?”

“ಅವನೂ. ನಮ್ಮ ಅಭಿಪ್ರಾಯ ಈ ಫಾರಂನಲ್ಲಿ ಬರೆದುಕೊಡಿ ಅಂದಿದ್ದಾರೆ.”

“ಬಿಡಬೇಡಿ, ನಮಗೆ ಭಯ ಇದೆ ಅಂತ ಬರೀಲಾ?”

“ಭಯ ಇದೆಯಾ ನಿಂಗೆ?”

“ಇಲ್ಲ. ನಿಂಗೆ?”

“ಮೊದಲು ಇತ್ತು. ಆಮೇಲೆ ಸಿಟ್ಟಿತ್ತು. ಈಗ ಅವನ ಮುಖವೇ ನೆನಪಾಗಲ್ಲ.”

“ಅಪ್ಪಂದು?”

“ಫೋಟೋ ನೋಡಿದ್ರೆ ಆಗುತ್ತೆ.”

ಮಗಳು ಪೆನ್ನಿನ ಮುಚ್ಚಳ ತೆಗೆದಳು. “ಏನು ಬರೀಲಿ ಹೇಳು.”

“ಬಿಡೋದು ಬೇಡ ಅಂತ ಬರಿ. ಯಾಕೆ ಅನ್ನೋ ಜಾಗ ಖಾಲಿ ಬಿಡು.”

ಅವರಿಬ್ಬರೂ ರಸ್ತೆಗಿಳಿಯುವಾಗ ಟೈಲರಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ತಲೆ ಮಾತ್ರ ಎತ್ತಲಿಲ್ಲ.